ಮಸ್ಕಿಯಲ್ಲಿ ಇಳಿಯದ ದಿನ

ಷೇರು ಕೊಳ್ಳಬೇಕೋ ಬೇಡವೋ ಎಂದು ಕೇಳಿಕೊಂಡು ಈಗಲೂ ಕೆಲವರು ನನ್ನ ಹತ್ತಿರ ಬರುತ್ತಾರೆ. ಲೆಕ್ಕದ ಮಾಸ್ತರ, ಹಿಂದೊಮ್ಮೆ ಕೈ ಸುಟ್ಟುಕೊಂಡವನು, ನಾಲ್ಕು ಬುದ್ಧಿಮಾತು ಹೇಳಿಯಾನು ಎಂಬ ಆಸೆ ಅವರಿಗೆ. ಚಹಾ ಕುಡಿಸಿ ಕಳಿಸಿಬಿಡುತ್ತೇನೆ. ಕೈ ಸುಟ್ಟುಕೊಂಡವನು ನಾನಲ್ಲ, ಅದೇ ನನ್ನ ಸಂಕಟ. ಅದನ್ನು ಒಂದು ಬಸಿ ಚಹಾ ಮುಗಿಯುವಷ್ಟರಲ್ಲಿ ಹೇಳಲು ಬರುವುದಿಲ್ಲ, ಎದುರಿಗೆ ಕೂತು ಹೇಳುವ ಮುಖವೂ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಜಾಮರ ಕಾಲದ ಮಾತು. ಜರ್ಮನಿಯ ಯುದ್ಧ ನಡೆದಿತ್ತು. ನಾನು ಲಿಂಗಸುಗೂರಿನ ಸರಕಾರಿ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದೆ. ಪುಸ್ತಕ ಉರ್ದುವಿನದು, ಹುಡುಗರು ಕನ್ನಡದವರು, ನಡುವೆ ನಾನು. ಲಾಭ ನಷ್ಟದ ಲೆಕ್ಕ ಬಾಯಲ್ಲೇ ಬಿಡಿಸುತ್ತಿದ್ದೆ. ಬಡ್ಡಿಯ ಲೆಕ್ಕ ಕೇಳಲು ಊರಿನ ವ್ಯಾಪಾರಿಗಳು ನನ್ನ ಮನೆ ಕಟ್ಟೆಗೆ ಬರುತ್ತಿದ್ದರು. ಹೀಗಾಗಿ ದುಡ್ಡಿನ ವಿಷಯ ನನಗೆ ಗೊತ್ತು ಎಂದು ಊರೂ ನಂಬಿತ್ತು, ನಾನೂ ನಂಬಿದ್ದೆ. ದುಡ್ಡಿನ ಲೆಕ್ಕ ಬರುವುದು ಬೇರೆ, ದುಡ್ಡು ಗೊತ್ತಿರುವುದು ಬೇರೆ ಎಂದು ಹೇಳಿಕೊಡುವವರು ಯಾರೂ ಇರಲಿಲ್ಲ.

ನನ್ನ ಅಕ್ಕ ಮಸ್ಕಿಯಲ್ಲಿದ್ದಳು. ನನಗಿಂತ ಎಂಟು ವರ್ಷ ದೊಡ್ಡವಳು. ಅವ್ವ ನನ್ನನ್ನು ಹೆತ್ತ ಮೂರನೇ ವರ್ಷಕ್ಕೆ ತೀರಿಕೊಂಡಿದ್ದಳು, ಹಾಗಾಗಿ ನನ್ನ ಮುಖ ತೊಳೆದವಳು, ಬುತ್ತಿ ಕಟ್ಟಿದವಳು, ಬೆನ್ನಿಗೆ ಗುದ್ದಿದವಳು ಎಲ್ಲಾ ಅವಳೇ. ಮದುವೆಯಾಗಿ ನಾಲ್ಕು ವರ್ಷಕ್ಕೆ ಗಂಡ ಹೋದ. ಅತ್ತೆಮನೆಯವರು ಒಂದು ತಗಡಿನ ಟ್ರಂಕು ಕೊಟ್ಟು ಬಾಗಿಲು ಮುಚ್ಚಿಕೊಂಡರು. ನನ್ನ ಮನೆಗೆ ಬಾ ಎಂದರೆ ಬರಲಿಲ್ಲ. "ನಿನ್ನ ಹೇಂತಿ ಚಲೋಕಿ ಅದಾಳ, ಅದಕ್ಕ ಬರಂಗಿಲ್ಲ. ದಿನಾ ಎದುರಿಗಿದ್ರ ಚಲೋರೂ ಕೆಡ್ತಾರ" ಅಂದಳು. ಮಸ್ಕಿಯಲ್ಲಿ ಎರಡಂಕಣದ ಒಂದು ಮಾಳಿಗೆ ಮನೆ ಬಾಡಿಗೆಗೆ ಹಿಡಿದು ಕೌದಿ ಹೊಲಿಯಲು ಕೂತಳು.

ಅಕ್ಕನ ಕೌದಿಗೆ ಸುತ್ತಲೂ ಹೆಸರಿತ್ತು. ಪಾಮನಕಲ್ಲೂರು, ಸಂತೆಕಲ್ಲೂರಿನಿಂದ ಹೆಣ್ಣುಮಕ್ಕಳು ಹಳೇ ಸೀರೆ, ಧೋತರದ ಗಂಟು ಹೊತ್ತು ಬರುತ್ತಿದ್ದರು. ಅವಳು ಅವನ್ನು ಹರಿದು, ಪದರಪದರವಾಗಿ ಹಾಸಿ, ಅಂಚಿನಿಂದ ಸುತ್ತುತ್ತಾ ನಡುವಿನವರೆಗೆ ಸಣ್ಣ ಸಣ್ಣ ಹೊಲಿಗೆ ಹಾಕುತ್ತಿದ್ದಳು. ಅವಳ ಕೈಯಲ್ಲಿ ಒಂದು ಪದ್ಧತಿಯಿತ್ತು. ಕೌದಿ ಮುಗಿಯುವ ಮುಂಚೆ ನಡುವೆ ಗೇಣಗಲ ಜಾಗ ಬಿಡುವಳು. ಅದು ಕೌದಿಯ ಹೊಟ್ಟೆ. ಆ ದಿನ ಮನೆಯಲ್ಲಿ ಏನು ಮಾಡಿದ್ದರೋ ಅದರ ಒಂದು ಚೂರು, ರೊಟ್ಟಿಯಾದರೆ ರೊಟ್ಟಿ, ಹೋಳಿಗೆಯಾದರೆ ಹೋಳಿಗೆ, ಅದರೊಳಗಿಟ್ಟು ಹೊಲಿದು ಮುಚ್ಚುವಳು. ಹಸಿದ ಕೌದಿ ಹೊದ್ದವರಿಗೆ ಚಳಿ ಬಿಡುವುದಿಲ್ಲ ಅನ್ನುತ್ತಿದ್ದಳು. ಒಮ್ಮೆ ಮುಚ್ಚಿದ ಹೊಟ್ಟೆಯನ್ನು ಬಿಚ್ಚಬಾರದು, ಬಿಚ್ಚಿದರೆ ಮನೆಗೆ ಕೇಡು ಎಂಬುದೂ ಆ ಪದ್ಧತಿಗೆ ಸೇರಿದ್ದೇ.

ಅವಳಿಗೆ ಬೇಕಾಗಿದ್ದು ಒಂದೇ. ಆ ಮಾಳಿಗೆ ಮನೆ. ಮಾಲೀಕ ಸಿಂಧನೂರಿನಲ್ಲಿದ್ದ, ಮಾರುವುದಾಗಿ ಮಾತು ಕೊಟ್ಟಿದ್ದ. "ಇದರಾಗಿಂದ ನನ್ನ ಯಾರೂ ಏಳು ಅನಬಾರದು ನೋಡು ತಮ್ಮಾ. ಅಷ್ಟಾದ್ರ ಸಾಕು" ಎಂದು ಎಷ್ಟು ಸಲ ಹೇಳಿದ್ದಳೋ. ಹನ್ನೊಂದು ವರ್ಷ ಸೂಜಿ ಹಿಡಿದು ಕೂಡಿಸಿದ ದುಡ್ಡು ಮನೆಯ ಕಿಮ್ಮತ್ತಿನ ಹತ್ತಿರ ಹತ್ತಿರ ಬಂದಿತ್ತು. ಸ್ವಲ್ಪ ಕಡಿಮೆ ಬೀಳುತ್ತಿತ್ತು, ಅಷ್ಟೇ. ಟ್ರಂಕಿನಲ್ಲಿ ಅವ್ವನ ಬಂಗಾರದ ಬೋರಮಳ ಸರ ಒಂದಿತ್ತು. ಅದನ್ನು ಮಾತ್ರ ಮುಟ್ಟುವುದಿಲ್ಲ, ಅದು ತಮ್ಮನ ಮಗಳ ಮದುವೆಗೆ ಎಂದು ಎತ್ತಿಟ್ಟಿದ್ದಳು. ಆ ಸ್ವಲ್ಪ ಕಡಿಮೆ ಬಿದ್ದ ದುಡ್ಡಿನ ಜಾಗದಲ್ಲಿ ನಾನು ಕಾಲಿಟ್ಟೆ.

ಆ ವರ್ಷ ಸಿಂಧನೂರಿನ ಹೊರಗೆ ಶೇಂಗಾ ಎಣ್ಣೆ ತೆಗೆಯುವ ಗಿರಣಿಯೊಂದು ಏಳುತ್ತಿತ್ತು. ಕಂಪನಿ ಮಾಡಿ, ಸಣ್ಣ ಮಂದಿಗೂ ಪಾಲು ಕೊಡುತ್ತೇವೆ ಎಂದು ಸಾರಿದ್ದರು. ಈಗ ಷೇರು ಅನ್ನುವುದಕ್ಕೆ ನಾವು ಹಿಸ್ಸಾ ಅನ್ನುತ್ತಿದ್ದೆವು. ಕಾಗದ ಕೊಡಿಸುವುದು, ಬೇಡವಾದವರದ್ದು ಕೊಂಡು ಬೇಕಾದವರಿಗೆ ಮಾರುವುದು ಎಲ್ಲಾ ಸಿಂಧನೂರಿನ ಒಬ್ಬ ದಲಾಲಿ ಸಾಹುಕಾರನ ಅಂಗಡಿಯಲ್ಲಿ. ಅವನ ಲೆಕ್ಕ ಬರೆಯುವ ಮುನೀಮ ಕಾಗದ ಹಿಡಿದು ಸುತ್ತಲಿನ ಸಂತೆಗಳಿಗೂ ಹೋಗುತ್ತಿದ್ದ. ನಾನು ಹೋಗಿ ಗಿರಣಿ ನೋಡಿಬಂದೆ. ಮಷೀನು ಇನ್ನೂ ಬಂದಿರಲಿಲ್ಲ, ಹಡಗಿನಲ್ಲಿದೆ ಅಂದರು. ಚಿಮಣಿ ಮಾತ್ರ ಮುಗಿದಿತ್ತು. ಅಷ್ಟು ಎತ್ತರದ್ದನ್ನು ನಾನು ನೋಡಿರಲಿಲ್ಲ, ಟೊಪ್ಪಿಗೆ ಬೀಳುವಂತೆ ಕತ್ತೆತ್ತಿ ನಿಂತೆ. ಸುಳ್ಳು ಹೇಳುವವರು ಇಷ್ಟು ಇಟ್ಟಿಗೆ ಯಾಕೆ ಕಟ್ಟಿಯಾರು ಅಂದುಕೊಂಡೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬ ಗಾದೆಯನ್ನು ಹುಡುಗರಿಗೆ ಕಲಿಸಿದ ಮಾಸ್ತರನೇ ನಾನು!

ನಾನು ಐದು ಹಿಸ್ಸಾ ಕೊಂಡೆ. ಅಕ್ಕನಿಗೆ ಹೇಳಿದೆ, "ಒಂದು ವರ್ಷ ತಡಿ ಅಕ್ಕಾ. ಮನಿ ತೊಗೊಂಡ ಮ್ಯಾಲೆ ಹಿತ್ತಲದಾಗ ಬಾವಿ ತೋಡಸೂವಷ್ಟು ಉಳಿತೈತಿ." ಅವಳಿಗೆ ಗಿರಣಿ ತಿಳಿಯಲಿಲ್ಲ, ಹಿಸ್ಸಾ ತಿಳಿಯಲಿಲ್ಲ, ಅವಳಿಗೆ ತಿಳಿದಿದ್ದವನು ನಾನೊಬ್ಬ. ದುಡ್ಡಿನ ಗಂಟು ಬಿಚ್ಚಿ ನನ್ನ ಮುಂದಿಟ್ಟು, "ನೀ ಲೆಕ್ಕ ಬಲ್ಲಾವ" ಅಂದಳು. ಈ ಮಾತು ನೆನಪಾದಾಗ ಇವತ್ತಿಗೂ ನನ್ನ ಮೈ ಬಿಸಿಯಾಗುತ್ತದೆ. ಅವಳಿಗೂ ಐದು ಕಾಗದ ಕೊಡಿಸಿದೆ, ಉಳಿದ ದುಡ್ಡಿಗೆ ಮತ್ತೆ ಐದು.

ಕಾಗದಗಳನ್ನು ತಂದು ಅವಳ ಕೈಗೆ ಕೊಟ್ಟ ದಿನ ಅವಳು ಅವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅವಳಿಗೆ ಓದು ಬಾರದು. ನಾನು ಸಾಲೆಗೆ ಸೇರಿದ ಹೊಸತರಲ್ಲಿ ಇದ್ದಿಲಿನಿಂದ ಗೋಡೆಯ ಮೇಲೆ ನನ್ನ ಹೆಸರು ಬರೆದು ಅವಳಿಗೆ ಕಲಿಸಲು ಹೋಗಿದ್ದೆ. ಅಷ್ಟೊಂದನ್ನು ಕಲಿತಳು, ಮುಂದಿನದು ಬೇಡ ಅಂದಳು. ಜಗತ್ತಿನಲ್ಲಿ ಅವಳು ಓದಬಲ್ಲ ಒಂದೇ ಮಾತು ನನ್ನ ಹೆಸರು. ಪತ್ರದ ಕೊನೆಯಲ್ಲಿ ಅದು ಕಂಡರೆ ಸಾಕು, ಪತ್ರ ಓದಿಸಿಕೊಳ್ಳುವ ಮೊದಲೇ ಅವಳ ಮುಖ ಅರಳುತ್ತಿತ್ತು.

"ಇದರಾಗ ನಿನ್ನ ಹೆಸರು ಎಲ್ಲೈತಿ?" ಅಂದಳು.

"ಇವು ನಿನ್ನ ಕಾಗದ ಅಕ್ಕಾ. ನಿನ್ನ ಹೆಸರ ಐತಿ."

"ನನ್ನ ಹೆಸರು ನನಗೇನು ಗುರುತೋ" ಎಂದು ನಕ್ಕಳು. ಆಗ ಅವಳು ತನಗಾಗಿ ಒಂದು ಕೌದಿ ಹೊಲಿಯುತ್ತಿದ್ದಳು, ಹೊಸ ಮನೆಗೆಂದು. ಟ್ರಂಕಾದರೆ ಕಳ್ಳರಿಗೆ ಗೊತ್ತು, ದೇವರ ಜಗಲಿಯ ಮೇಲಿಟ್ಟರೆ ಇಲಿ ಕಡಿಯುತ್ತವೆ ಎಂದು, ಹತ್ತೂ ಕಾಗದವನ್ನು ಮಡಚಿ ಆ ಕೌದಿಯ ಹೊಟ್ಟೆಗಿಟ್ಟು, ಮೇಲೊಂದು ರೊಟ್ಟಿ ಚೂರು ಇಟ್ಟು, ಬಿಳಿ ದಾರದಿಂದ ಹೊಲಿದು ಮುಚ್ಚಿದಳು. ನಾನು ನೋಡುತ್ತಾ ಕೂತಿದ್ದೆ. ನನಗೂ ಅದು ಭದ್ರವಾಗಿಯೇ ಕಂಡಿತು. ಮಾರಬೇಕಾದ ಹೊತ್ತಿಗೆ ಕೈಗೆ ಸಿಗದ ಕಾಗದ ಭದ್ರವಲ್ಲ ಎಂದು ಹೊಳೆಯಲಿಲ್ಲ.

ಆಮೇಲೆ ರೇಟು ಏರಿತು. ನಿಜವಾಗಿಯೂ ಏರಿತು. ಯುದ್ಧದಿಂದ ಎಣ್ಣೆಗೆ ಬೆಲೆ ಬಂದಿದೆ, ಗಿರಣಿ ಸುರುವಾದರೆ ಬಂಗಾರ ಎಂದು ಮಂದಿ ಸಾಹುಕಾರನ ಅಂಗಡಿಯ ಮುಂದೆ ನಿಂತರು. ನಾನು ವಾರಕ್ಕೊಮ್ಮೆ ಮಸ್ಕಿಗೆ ಹೋಗುತ್ತಿದ್ದೆ. ಅಕ್ಕ ನೀರು ಕೊಟ್ಟು, ನಾನು ಕುಡಿದು ತಂಬಿಗೆ ಕೆಳಗಿಡುವ ಮೊದಲೇ ಕೇಳುವಳು, "ಹೆಂಗೈತಿ ಅದು?" ಗಂಡನ ಮನೆಗೆ ಹೋದ ಮಗಳ ಸುದ್ದಿ ಕೇಳುವಂತೆ ಕೇಳುತ್ತಿದ್ದಳು. ನಾನು ರೇಟು ಹೇಳುತ್ತಿದ್ದೆ. ಹೇಳುವಾಗ ನನ್ನ ದನಿಯಲ್ಲಿ ಒಂದು ಗತ್ತಿರುತ್ತಿತ್ತು, ರೇಟನ್ನು ನಾನೇ ಮೇಲೆತ್ತಿ ನಿಲ್ಲಿಸಿದಂತೆ.

ಕೊಂಡಿದ್ದರ ಒಂದೂವರೆ ಪಟ್ಟಾದಾಗ ಅಕ್ಕ ಅಂದಳು, "ಸಾಕಲ್ಲ ತಮ್ಮಾ. ಮನಿ ಬರ್ತೈತಿ. ಕೌದಿ ಬಿಚ್ಚಿ ಕೊಡ್ಲೇನು?"

"ಹೊಟ್ಟಿ ಬಿಚ್ಚಬಾರದು ಅಂತ ನೀನ ಹೇಳ್ತಿದ್ದೆಲ್ಲ?" ಎಂದು ನಾನು ಕೀಟಲೆ ಮಾಡಿದೆ. "ಇನ್ನೂ ಏರತೈತಿ. ಬಾವಿ ಬ್ಯಾಡೇನು?"

ಅವಳು ಬಾವಿ ಕೇಳಿರಲೇ ಇಲ್ಲ. ಬಾವಿ ನನ್ನದು. ಕಾಗದದ ಮೇಲೆ ಕಂಡ ಲಾಭವನ್ನು ಕೈಗೆ ಬಂದದ್ದೆಂದು ತಿಳಿದು ಮುಂದಿನದಕ್ಕೆ ಬಾಯಿಬಿಡುವುದಿದೆಯಲ್ಲ, ಅದಕ್ಕೆ ನಮ್ಮ ಹಿರಿಯರು ಅತಿ ಆಸೆ ಗತಿಗೇಡು ಎಂದು ಮೂರೇ ಮಾತಿನಲ್ಲಿ ಹೇಳಿಬಿಟ್ಟಿದ್ದಾರೆ. ಅಂದು ಮಾರಿದ್ದರೆ ಮನೆ ಅವಳದಾಗುತ್ತಿತ್ತು. ಈ ಬರೆಹವೂ ಇರುತ್ತಿರಲಿಲ್ಲ.

ನಮ್ಮ ಶಾಲೆಯಲ್ಲಿ ಉರ್ದು ಕಲಿಸುವ ಮೌಲ್ವಿ ಸಾಹೇಬರಿದ್ದರು. ಅವರ ಭಾವಮೈದುನ ರಾಯಚೂರಿನ ರೈಲು ಗೋದಾಮಿನಲ್ಲಿ ಕೆಲಸಕ್ಕಿದ್ದ. ಒಂದು ಮಧ್ಯಾಹ್ನ ಗಂಟೆ ಹೊಡೆದ ಮೇಲೆ ಮೌಲ್ವಿ ಸಾಹೇಬರು ನನ್ನನ್ನು ಬಾಗಿಲ ಹಿಂದಕ್ಕೆ ಕರೆದರು. "ಮಾಸ್ತರ್ ಸಾಬ್, ಗಿರಣಿ ಪೆಟ್ಟಿಗಿ ಬಂದಾವಂತ. ಒಡದು ನೋಡಿದ್ರ ಹಳೇ ಕಬ್ಬಣ. ಮಷೀನು ಇಲ್ಲವೇ ಇಲ್ಲ. ಮ್ಯಾನೇಜರ್ ಮುಂಬೈಗೆ ಹೋದಾವ ಹೊಳ್ಳಿ ಬಂದಿಲ್ಲ. ನಿಮ್ಮ ಕಡೆ ಕಾಗದ ಅದಾವು ಅಂತ ಕೇಳೀನಿ. ಇನ್ನ ಯಾರಿಗೂ ಗೊತ್ತಿಲ್ಲ, ಮಾರಿಬಿಡ್ರಿ." ದೊಡ್ಡ ಮನುಷ್ಯ. ನನಗೆ ಅವರು ಹೇಳಬೇಕೆಂದೇನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ರಜೆ ಹಾಕಿ ಮೋಟಾರು ಹತ್ತಿದೆ. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯ ನಡುವೆಯೇ ಮಸ್ಕಿ. ಪೆಟ್ರೋಲು ಸಿಗದ ಕಾಲ ಅದು, ಮೋಟಾರಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ ಅದರ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಮಸ್ಕಿಗೆ ಬರುವಷ್ಟರಲ್ಲಿ ಅದರ ಉಸಿರು ನಿಲ್ಲುತ್ತಿತ್ತು. ಕ್ಲೀನರ್ ಇಳಿದು ಬೂದಿ ಕೆದಕಿ, ಇದ್ದಿಲು ಸುರಿದು, ಗಾಳಿ ತಿರುವಬೇಕು. ಅಷ್ಟರಲ್ಲಿ ಒಬ್ಬ ಮನುಷ್ಯ ಇಳಿದು, ಅಕ್ಕನ ಮನೆಗೆ ಹೋಗಿ, ಕೌದಿ ಬಿಚ್ಚಿಸಿ, ಕಾಗದ ಜೇಬಿಗಿಟ್ಟು, ನೀರು ಕುಡಿದು ಬರಬಹುದಿತ್ತು.

ನಾನು ಇಳಿಯಬೇಕೆಂದೇ ಹೊರಟಿದ್ದೆ, ಇದನ್ನು ನಂಬಬೇಕು. ಮನೆ ಬಿಡುವಾಗ ನನ್ನ ಮನಸ್ಸಿನಲ್ಲಿ ಹದಿನೈದು ಕಾಗದ ಇದ್ದವು, ಅವಳ ಹತ್ತು, ನನ್ನ ಐದು. ಮಸ್ಕಿ ಬೆಟ್ಟ ಕಾಣುವ ಹೊತ್ತಿಗೆ ಲೆಕ್ಕ ಸುರುವಾಯಿತು. ಒಂದೇ ದಿನ ಅಷ್ಟು ಕಾಗದ ಮಾರಲು ಹೋದರೆ ಸಾಹುಕಾರನಿಗೆ ವಾಸನೆ ಬಡಿಯುತ್ತದೆ. ಯಾಕೆ ಮಾಸ್ತರ, ಏನು ಸುದ್ದಿ ಎಂದು ಕೇಳುತ್ತಾನೆ. ಐದಾದರೆ ಸುಮ್ಮನೆ ಕೊಳ್ಳುತ್ತಾನೆ. ಇವತ್ತು ಐದು, ಎರಡು ದಿನ ಬಿಟ್ಟು ಅವಳವು. ಲೆಕ್ಕ ಸರಿಯಾಗಿತ್ತು. ಮೊದಲ ಐದು ಯಾರವು ಎಂದು ಮಾತ್ರ ನಾನು ನನ್ನನ್ನು ಕೇಳಿಕೊಳ್ಳಲಿಲ್ಲ.

ಮೋಟಾರು ನಿಲ್ಲುವ ಜಾಗದಿಂದ ಅಕ್ಕನ ಓಣಿ ಕಾಣುತ್ತದೆ. ಮೂರನೆಯದು ಅವಳ ಮನೆ. ಕಟ್ಟೆಯ ಮೇಲೆ ಯಾರದೋ ಕೌದಿ ಹರವಿಕೊಂಡು ಕೂತಿದ್ದಳು. ಕ್ಲೀನರ್ ಗಾಳಿ ತಿರುವುತ್ತಿದ್ದ. ಕೌದಿ ಬಿಚ್ಚಬಾರದಲ್ಲ, ಅವಳಿಗೆ ಹೆದರಿಕೆಯಾಗುತ್ತದಲ್ಲ, ಮೋಟಾರು ಹೋಗಿಬಿಟ್ಟರೆ ಏನು ಗತಿ ಎಂದು ಒಂದೊಂದೇ ಕಾರಣ ಬಂದು ನನ್ನ ತೊಡೆಯ ಮೇಲೆ ಕೂತವು, ನಾನು ಏಳದಂತೆ. ಮೋಟಾರಿನ ಸದ್ದಿಗೆ ಎಲ್ಲರೂ ನೋಡುವಂತೆ ಅವಳೂ ತಲೆಯೆತ್ತಿ ನೋಡಿದಳು. ನಾನು ಕಾಲಿನ ಜೋಡು ಸರಿಮಾಡಿಕೊಳ್ಳುವವನಂತೆ ಬಗ್ಗಿದೆ. ಮೋಟಾರು ಹೊರಡುವತನಕ ಬಗ್ಗಿಯೇ ಇದ್ದೆ. ಅದರ ನೆಲದಲ್ಲಿ ಶೇಂಗಾ ಸಿಪ್ಪೆ ಬಿದ್ದಿದ್ದವು, ಒಂದು ಹರಿದ ಚೀಟಿಯಿತ್ತು. ಅವು ನನಗೆ ಇವತ್ತಿಗೂ ಕಾಣುತ್ತವೆ. ಅವಳ ಮುಖ ಕಾಣುವುದಿಲ್ಲ.

ಸಾಹುಕಾರ ಏನೂ ಕೇಳಲಿಲ್ಲ. ನಡೆಯುತ್ತಿದ್ದ ರೇಟಿಗಿಂತ ಸ್ವಲ್ಪ ಕಡಿಮೆಗೆ ಕೊಟ್ಟೆ. ಮುನೀಮ ಮುಂದಿಟ್ಟ ವರ್ಗಾವಣೆಯ ಕಾಗದಗಳ ಮೇಲೆ ಐದು ಸಲ ಕನ್ನಡದಲ್ಲಿ ಸಹಿ ಹಾಕಿದೆ. ಕೊಳ್ಳುವವರ ಹೆಸರಿನ ಜಾಗ ಖಾಲಿ ಬಿಡುವುದು ರೂಢಿ, ಯಾರು ಬರುತ್ತಾರೋ ಅವರ ಹೆಸರು ಆಮೇಲೆ. ದುಡ್ಡು ಎಣಿಸಿಕೊಂಡು ಹೊರಗೆ ಬಂದಾಗ ಚಿಮಣಿ ಕಂಡಿತು. ತುದಿಯಲ್ಲಿ ಒಂದು ಕಾಗೆ ಕೂತಿತ್ತು.

ಸಂಜೆ ತಿರುಗಿ ಬರುವಾಗ ಮಸ್ಕಿಯಲ್ಲಿ ಇಳಿದೆ. ಈಗ ಇಳಿಯಲು ಕಾಲು ಬಂದವು. ಜೇಬಿನಲ್ಲಿ ಜಿಲೇಬಿಯ ಪೊಟ್ಟಣ ಇತ್ತು. ಹೇಳಿಬಿಡಬೇಕು, ನಾಡಿದ್ದು ಅವಳ ಕಾಗದ ಒಯ್ಯಬೇಕು ಎಂದೇ ಹೊಸ್ತಿಲು ದಾಟಿದೆ. ಅಕ್ಕ ನೀರು ಕೊಟ್ಟಳು. "ಎಲ್ಲಿಂದ ಬಂದಿ?" ಅಂದಳು.

"ಲಿಂಗಸುಗೂರಿಂದ."

ಆ ಹೊತ್ತಿಗೆ ಮಸ್ಕಿಗೆ ಬರುವ ಮೋಟಾರು ಸಿಂಧನೂರಿನದು. ಮಸ್ಕಿಯ ಕೂಸಿಗೂ ಅದು ಗೊತ್ತು. ನಾನು ತಂಬಿಗೆ ಇಡುವ ಮೊದಲು ಕೇಳಿದಳು, "ಹೆಂಗೈತಿ ಅದು?"

ಒಂದು ಸುಳ್ಳು ಹೇಳಿಯಾಗಿತ್ತು. ನಿಜ ಹೇಳಬೇಕೆಂದರೆ ಆ ಸುಳ್ಳನ್ನೂ ಬಿಚ್ಚಬೇಕು. ನಾನು ಮಾರಿಬಂದದ್ದನ್ನು, ಬೆಳಿಗ್ಗೆ ಇಲ್ಲೇ ಬಗ್ಗಿ ಕೂತದ್ದನ್ನು ಎಲ್ಲಾ ಹೇಳಬೇಕು. "ಚಲೋ ಐತಿ ಅಕ್ಕಾ. ಏರಾಕತ್ತೈತಿ" ಅಂದೆ. ಅವಳು ಜಿಲೇಬಿಯಲ್ಲಿ ಅರ್ಧ ಮುರಿದು ನನಗೇ ಕೊಟ್ಟಳು.

ನಾಡಿದ್ದು ಎಂಬುದು ಬರಲಿಲ್ಲ. ಶಾಲೆಗೆ ಮೇಲಿನ ಸಾಹೇಬರ ತಪಾಸಣೆ ಬಂತು, ರಜೆ ಸಿಗಲಿಲ್ಲ. ಸಿಕ್ಕರೂ ಹೋಗುತ್ತಿದ್ದೆನೋ ಇಲ್ಲವೋ ಹೇಳಲಾರೆ. ಎಂಟು ಹತ್ತು ದಿನದಲ್ಲಿ ಸುದ್ದಿ ಸಿಂಧನೂರಿಗೆ ತಲುಪಿತು. ಒಂದೇ ವಾರದಲ್ಲಿ ಆ ಕಾಗದವನ್ನು ಕೊಳ್ಳುವವರೇ ಇಲ್ಲವಾದರು. ತುರ್ವಿಹಾಳದ ಒಬ್ಬ ವ್ಯಾಪಾರಿ, ಕೊಂಡ ರೇಟಿಗೆ ಬರಲಿ, ಆ ದಿನವೇ ಮಾರುತ್ತೇನೆ ಎಂದು ವರ್ಷಗಟ್ಟಲೆ ಹೇಳುತ್ತಿದ್ದ. ಕಾಗದಕ್ಕೇನು ಗೊತ್ತು ನೀನು ಎಷ್ಟಕ್ಕೆ ಕೊಂಡಿದ್ದೆ ಎಂದು! ಅವನಿಗೆ ನಗುತ್ತಿದ್ದವರ ಜೊತೆ ನಾನೂ ನಕ್ಕೆ. ನನ್ನ ದುಡ್ಡು ಅಷ್ಟರಲ್ಲಿ ಒಂದು ಮುರ್ರಾ ಎಮ್ಮೆಯಾಗಿ ನನ್ನ ಹಿತ್ತಲಲ್ಲಿ ಮೆಲುಕು ಹಾಕುತ್ತಿತ್ತು.

ಅಕ್ಕನಿಗೆ ಗಿರಣಿ ನಿಂತದ್ದು ಊರವರಿಂದ ತಿಳಿಯಿತು. ನಾನು ಓಡಿಹೋಗಿ, "ಮಂದಿ ಮಾತು ಕೇಳಬ್ಯಾಡ. ಯುದ್ಧ ಮುಗೀಲಿ, ಮಷೀನು ಬರ್ತಾವು. ಕಾಗದ ಎಲ್ಲಿ ಹೋಗ್ತಾವು, ಕೌದ್ಯಾಗ ಅದಾವಲ್ಲ" ಎಂದು ಸಮಾಧಾನ ಹೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತಾ, "ಹೂಂ" ಅಂದಳು. ಮನೆ ಮಾಲೀಕ ಕಾಯಲಿಲ್ಲ. ಬೇರೆಯವರಿಗೆ ಮಾರಿದ. ಕೊಂಡವರು ಯುಗಾದಿಯೊಳಗೆ ಬಿಡಬೇಕು ಅಂದರು. ಯಾರೂ ಏಳು ಅನಬಾರದು ಅಂದಿದ್ದಳಲ್ಲ, ಏಳು ಅಂದೇಬಿಟ್ಟರು.

ಬಂಡಿಯಲ್ಲಿ ಟ್ರಂಕು, ಒರಳು, ನಾಲ್ಕು ಪಾತ್ರೆ ಹೇರಿಕೊಂಡು ನನ್ನ ಮನೆಗೆ ಕರೆತಂದೆ. ಆ ಕೌದಿಯನ್ನು ಬಂಡಿಯಲ್ಲಿ ಹಾಕಗೊಡಲಿಲ್ಲ, ತೊಡೆಯ ಮೇಲಿಟ್ಟುಕೊಂಡು ಬಂದಳು. ಬಂದ ಮರುದಿನವೇ ಹಿತ್ತಲಿಗೆ ಹೋಗಿ ಎಮ್ಮೆಯ ಬೆನ್ನು ಸವರಿ, "ಚಲೋ ಐತಿ. ಎಷ್ಟು ಕೊಟ್ಟಿ?" ಎಂದು ಕೇಳಿದಳು. ನಾನು ಹೇಳಿದೆ. ಅಂದಿನಿಂದ ಹಾಲು ಹಿಂಡುವ ಕೆಲಸ ಅವಳೇ ಹಿಡಿದಳು. ನನ್ನ ಹೆಂಡತಿ ಬೇಡವೆಂದರೂ ಬಿಡಲಿಲ್ಲ.

ಮೂರು ವರ್ಷ ನಮ್ಮ ಜೊತೆಗಿದ್ದಳು. ಯಾರ ಮೇಲೂ ಒಂದು ಕಟು ಮಾತಿಲ್ಲ. ವಾರಕ್ಕೊಮ್ಮೆ ಮಾತ್ರ, ಸಂತೆ ಮುಗಿಸಿ ಬಂದ ನಾನು ಚೀಲ ಇಳಿಸುವಾಗ, ಪಡಸಾಲೆಯ ಮೂಲೆಯಿಂದ ಕೇಳುವಳು, "ಹೆಂಗೈತಿ ಅದು?" ಮಸ್ಕಿಯ ಅದೇ ದನಿ. ನಾನು ಏನಾದರೊಂದು ಹೇಳುತ್ತಿದ್ದೆ. ಹಡಗು ಹೊರಟಿದೆ ಎಂದೆ. ಹೊಸ ಮ್ಯಾನೇಜರ್ ಬಂದಾನ ಎಂದೆ. ರೇಟು ನಿಂತಲ್ಲೇ ನಿಂತಿದೆ, ಇಳಿದಿಲ್ಲ ಎಂದೆ. ಹೇಳುತ್ತಾ ಹೇಳುತ್ತಾ ನನಗೆ ಅಭ್ಯಾಸವಾಯಿತು, ಕೇಳುತ್ತಾ ಕೇಳುತ್ತಾ ಅವಳಿಗೆ ನಂಬಿಕೆಯಾಗಿದೆ ಅಂದುಕೊಂಡೆ. ಸಂತೆಯ ದಿನ ಬಂತೆಂದರೆ ಬೆಳಿಗ್ಗೆಯಿಂದಲೇ ಸಂಜೆಯ ಸುಳ್ಳನ್ನು ಹೊಂದಿಸಿಕೊಳ್ಳುತ್ತಿದ್ದೆ. ಒಮ್ಮೆ ಸಿಟ್ಟು ಬಂದು, "ಎಷ್ಟು ಸಲ ಕೇಳ್ತಿ ಅಕ್ಕಾ?" ಎಂದು ಗದರಿದೆ. "ನೀ ಹೇಳೂತನಕ ಕೇಳ್ತೀನೋ ತಮ್ಮಾ" ಎಂದು ಸೂಜಿಗೆ ದಾರ ಪೋಣಿಸಿದಳು. ಹೇಳುತ್ತಲೇ ಇದ್ದೇನಲ್ಲ ಎಂದು ನನಗೆ ಇನ್ನೂ ಸಿಟ್ಟು ಬಂತು.

ಒಂದು ಚಳಿಗಾಲ ನನಗೆ ಜ್ವರ ಬಂದು ಹದಿನೈದು ದಿನ ಮಲಗಿದೆ. ಅಕ್ಕ ತನ್ನ ಕೌದಿ ತಂದು ಹೊದಿಸಿದಳು. ಅದರ ಕೆಳಗೆ ಮಲಗಲು ನನಗೆ ಭಯ. ಎದೆಯ ಮೇಲೆ ಅದರ ಹೊಟ್ಟೆ ಬರುತ್ತಿತ್ತು, ಕೈಯಾಡಿಸಿದರೆ ಒಳಗೆ ಕಾಗದ ಗರಗರ ಅನ್ನುತ್ತಿತ್ತು. ಕೌದಿಯೆಲ್ಲಾ ಬಿಳಿ ದಾರದ್ದು, ಹೊಟ್ಟೆಯ ಒಂದು ಬದಿಯ ಹೊಲಿಗೆ ಮಾತ್ರ ಕೆಂಪು. ಇದ್ಯಾಕೆ ಹೀಗೆ ಎಂದು ಕೇಳಿದೆ. "ಬಿಳಿ ದಾರ ಮುಗಿದಿತ್ತು" ಅಂದಳು. ನಾನು ನೋಡುತ್ತಾ ಕೂತಿದ್ದ ದಿನ ಬಿಳಿ ದಾರದಿಂದಲೇ ಮುಚ್ಚಿದ್ದಳಲ್ಲ ಎಂದು ಜ್ವರದಲ್ಲಿ ಒಂದು ಗಳಿಗೆ ಅನ್ನಿಸಿತು. ಆಮೇಲೆ ಮರೆತೆ.

ಮರುವರ್ಷ ಅವಳಿಗೇ ಜ್ವರ ಬಂತು, ಆರು ದಿನದಲ್ಲಿ ಹೋದಳು. ಕೊನೆಯ ದಿನ ನನ್ನ ಹೆಂಡತಿಗೆ, "ನಾ ಹೋದ ಮ್ಯಾಲೆ ಕೌದಿ ಬಿಚ್ರಿ, ಮೊದಲ ಬ್ಯಾಡ" ಅಂದಿದ್ದಳಂತೆ. ನನ್ನ ಕಡೆ ನೋಡಿ ತುಟಿ ಅಲ್ಲಾಡಿಸಿದಳು. ಏನು ಕೇಳುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. "ಚಲೋ ಐತಿ ಅಕ್ಕಾ" ಅಂದೆ. ಸಾಯುವವಳಿಗೂ ಅದನ್ನೇ ಅಂದೆ.

ದಿನಕರ್ಮ ಮುಗಿದ ಮೇಲೆ ಹೆಂಡತಿ ಟ್ರಂಕು ತೆಗೆದಳು. ಬೋರಮಳ ಇರಲಿಲ್ಲ. ಪಾತ್ರೆ, ಡಬ್ಬಿ, ದಾರದ ಬುಟ್ಟಿ ಎಲ್ಲಾ ತಡಕಿದಳು. "ಮಗಳಿಗಂತ ಇಟ್ಟಿದ್ರಲ್ರೀ, ಕೌದಿ ಹೊಟ್ಯಾಗ ಹಾಕಿ ಹೊಲದಿರಬೇಕು ನೋಡ್ರಿ. ಅದಕ್ಕ ಬಿಚ್ರಿ ಅಂದಾರ" ಅಂದಳು. ಅದೊಂದು ಮಧ್ಯಾಹ್ನ. ಪಡಸಾಲೆಯಲ್ಲಿ ಬಿಸಿಲು ಬಿದ್ದಿತ್ತು. ಅವಳು ಕತ್ತರಿಯಿಂದ ಆ ಕೆಂಪು ಹೊಲಿಗೆಯನ್ನೇ ಬಿಚ್ಚಿದಳು. ಸರ ಇರಲಿಲ್ಲ. ಕಾಗದ ಹೊರಬಂದವು. ಹೆಂಡತಿ ಎಣಿಸಿ ನನ್ನ ಕೈಗಿಟ್ಟಳು. ಹದಿನೈದು.

ಹತ್ತು ಅವಳವು. ಉಳಿದ ಐದರ ಮೇಲೆ ನನ್ನ ಹೆಸರಿತ್ತು. ಒಂದೊಂದಕ್ಕೂ ಒಂದೊಂದು ವರ್ಗಾವಣೆಯ ಕಾಗದ ಲಗತ್ತಿಸಿತ್ತು, ಅದರ ಕೆಳಗೆ ದುಂಡಗೆ, ಕನ್ನಡದಲ್ಲಿ, ನನ್ನ ಸಹಿ. ಜೊತೆಗೆ ದಲಾಲಿ ಅಂಗಡಿಯ ಮುನೀಮನ ಚೀಟಿ: ಮಸ್ಕಿ ಸಂತೆಯಲ್ಲಿ ಬೋರಮಳ ಸರ ಒಂದನ್ನು ಪಡೆದು ಅದಕ್ಕೆ ಬದಲು ಹಿಸ್ಸಾ ಐದು ಕೊಟ್ಟಿದೆ. ತಾರೀಖು ನೋಡಿದೆ. ನಾನು ಜಿಲೇಬಿ ತಂದು, ಏರಾಕತ್ತೈತಿ ಎಂದು ಹೇಳಿ ಹೋದ ನಾಲ್ಕನೇ ದಿನ.

ನನ್ನ ಮಾತು ನಂಬಿ, ಇನ್ನೈದು ಸೇರಲಿ ಎಂದು, ಮುಟ್ಟುವುದಿಲ್ಲ ಎಂದಿದ್ದ ಸರವನ್ನು ಕೊಟ್ಟು ಕೊಂಡಿದ್ದಳು. ಬಾವಿಯ ಆಸೆ ನಾನೇ ಹಚ್ಚಿದ್ದೆ. ಕೊಂಡು ಮನೆಗೆ ತಂದು ಹಿಂದೆ ಮುಂದೆ ತಿರುಗಿಸಿ ನೋಡಿರಬೇಕು, ಅವಳ ರೂಢಿಯಂತೆ. ಅವಳು ಓದಬಲ್ಲ ಒಂದೇ ಮಾತು ಐದೂ ಕಾಗದದ ಮೇಲಿತ್ತು. ನಾನು ನನ್ನ ಕಾಗದ ಮಾರಿಬಿಟ್ಟಿದ್ದೇನೆ ಎಂದು ಆ ದಿನವೇ ಅವಳಿಗೆ ತಿಳಿದಿತ್ತು. ಎಮ್ಮೆಗೆ ಎಷ್ಟು ಕೊಟ್ಟಿ ಎಂದು ಕೇಳಿದಾಗ ಅದೂ ತಿಳಿದಿರಬೇಕು. ಅವ್ವನ ಬೋರಮಳವೇ ನನ್ನ ಹಿತ್ತಲಲ್ಲಿ ಎಮ್ಮೆಯಾಗಿ ನಿಂತಿತ್ತು, ಅದರ ಹಾಲನ್ನು ಅವಳು ಮೂರು ವರ್ಷ ಹಿಂಡಿ ನನ್ನ ಮಕ್ಕಳಿಗೆ ಕುಡಿಸಿದಳು. ನೀ ಹೇಳೂತನಕ ಕೇಳ್ತೀನಿ ಅಂದಿದ್ದಳು. ಹೇಳಲಿಲ್ಲ ನಾನು. ವಾರಕ್ಕೊಮ್ಮೆ ಅವಳು ಬಾಗಿಲು ತೆಗೆದಳು, ವಾರಕ್ಕೊಮ್ಮೆ ನಾನು ಹೊರಗೇ ನಿಂತೆ.

ಬಿಚ್ಚಬಾರದ ಕೌದಿ ಎಂಬುದು ನನ್ನ ದೊಡ್ಡ ನೆಪವಾಗಿತ್ತು. ಅವಳು ಅದನ್ನು ಬಿಚ್ಚಿದ್ದಳು. ನನ್ನ ಹೆಸರಿನ ಕಾಗದ ಯಾರ ಕೈಗೂ ಸಿಗಬಾರದೆಂದೋ, ಮನೆಗೆ ಕೇಡು ಬಂದರೆ ಬರಲಿ ಎಂದೋ, ಬಿಚ್ಚಿ, ಒಳಗಿಟ್ಟು, ಕೆಂಪು ದಾರದಿಂದ ಮತ್ತೆ ಮುಚ್ಚಿದ್ದಳು.

ಎಲ್ಲಾ ತೆಗೆದ ಮೇಲೆ ಹೆಂಡತಿ ಕೌದಿ ಕೊಡವಿದಳು. ಒಣಗಿ ಕಲ್ಲಾದ ರೊಟ್ಟಿ ಚೂರು ನೆಲಕ್ಕೆ ಬಿದ್ದವು. ಒಂದಲ್ಲ, ಎರಡು. ಎರಡನೆಯದು ನನ್ನ ಕಾಗದದ ಪಾಲಿನದು. ಅವು ಹಸಿದಿರಬಾರದು ಎಂದು ಅದನ್ನೂ ಇಟ್ಟಿದ್ದಳು.